ರಮ್ ಬಾಟಲಿಯ ಜೇನು

ಕಾಯಿಸಿ ಸೋಸಿದ ಕಂಪನಿ ಜೇನಿಗೆ ಸಕ್ಕರೆ ಪಾಕದ್ದೇ ರುಚಿ, ನನಗೆ ಹಸಿ ಜೇನೇ ಬೇಕು ಎಂದು ನಮ್ಮತ್ತೆ ಹಟ ಹಿಡಿದಿದ್ದರು. ಹೊಲಿಗೆ ಕಲಿಸಲು ನಂದಗಡಕ್ಕೆ ಹೋದಾಗ ಸಂತೆಯಲ್ಲಿ ಸಿಕ್ಕೇಬಿಟ್ಟಿತು, ಗೋವಾದ ರಮ್ ಬಾಟಲಿಯಲ್ಲಿ. ಮಾರುವಾಕೆ ಜೇನು ತುಂಬುವುದೇ ಅಂಥ ಹಳೇ ಬಾಟಲಿಗಳಲ್ಲಿ.

ಖಾನಾಪುರ ದಾಟಿದ ಮೇಲೆ ಗೋವಾದ ದಾರೂ ಹುಡುಕುವ ಪೇದೆ ಬಸ್ಸು ಹತ್ತಿದ. ನನ್ನ ಚೀಲದಿಂದ ಬಾಟಲಿ ಎತ್ತಿ, "ಇದೇನ್ರೀ ಅಕ್ಕಾರ?" ಎಂದ.

"ಜೇನ್ರೀ."

"ಎಲ್ಲಾರೂ ಹಂಗ ಅಂತಾರ."

"ಖರೇನ ರೀ. ಕೈ ಹಿಡೀರಿ, ನೆಕ್ಕಿ ನೋಡ್ರಿ."

ಅಂಗೈಗೆ ಸುರಿದೆ. ಮೇಣದ ಚೂರಿನ ಜೊತೆ ಒಂದು ಸತ್ತ ಹುಳವೂ ಬಿತ್ತು. ಹುಳ ತೆಗೆದು ನೆಕ್ಕಿ, ಕಣ್ಣು ಮುಚ್ಚಿದ. "ಕಂಡಕ್ಟರ್ ಸಾಹೇಬ್ರ, ನೀವೂ ನೋಡ್ರಿ!"

ಆಮೇಲೆ ಇಡೀ ಬಸ್ಸೇ ಅಂಗೈ ಚಾಚಿತು. ನಾನೂ ನೆಕ್ಕಿದೆ. ಮೊದಲು ಹೂವಿನ ವಾಸನೆ, ಕಡೆಗೆ ಗಂಟಲಲ್ಲಿ ಸಣ್ಣ ಒಗರು. ಪೀರನವಾಡಿ ಬರುವಷ್ಟರಲ್ಲಿ ಬಾಟಲಿ ಖಾಲಿ.

ಬಾಗಿಲು ತೆರೆದ ಅತ್ತೆ ಮೊದಲು ಲೇಬಲ್ ಓದಿದರು. "ಜೇನು ಎಲ್ಲೈತಿ?"

"ದಾರ್ಯಾಗ ಪೊಲೀಸರು, ಕಂಡಕ್ಟರು, ನಾನು, ಎಲ್ಲಾರೂ ಕೂಡಿ ಮುಗಿಸಿದ್ವಿ."

ಪೇದೆಗೆ ನೆಕ್ಕಿಸಿ ಪಾರಾಗಿದ್ದೆ. ಅತ್ತೆಗೆ ನೆಕ್ಕಿಸಲು ಒಂದು ಹನಿಯೂ ಉಳಿದಿರಲಿಲ್ಲ.