ರುದ್ರಪ್ಪನ ಖಾಕಿ ಕೋಟು

ಹೊಸ ಕಾರಿನ ಜೊತೆ ಬಂದ ಪುಸ್ತಕವನ್ನು ಡಿಕ್ಷನರಿ ಇಟ್ಟುಕೊಂಡು ಓದಿ, ಅಜ್ಜಂಪುರದ ನಮ್ಮ ಅಂಗಳದಲ್ಲೇ ನಾನು ಆಯಿಲ್ ಬದಲಿಸಿದ್ದೆ.

ಸರ್ವಿಸ್ ಪುಸ್ತಕಕ್ಕೆ ಸೀಲು ಹಾಕಿಸಲು ಹೋಗಿ ಅದನ್ನು ಹೇಳಿದಾಗ ಕಡೂರಿನ ಡೀಲರು ತಲೆಯಾಡಿಸಿದರು. “ವಾರಂಟಿ ಹೋಯ್ತು ಕಣಮ್ಮ. ಕಂಪನಿ ಖಾಕಿ ಹಾಕ್ಕೊಂಡೋರು ಇಲ್ಲೇ ಮಾಡ್ಬೇಕು.”

“ಹಂಗಾದ್ರೆ ಇನ್ನೊಂದ್ಸಲ ಮಾಡ್ಸಿ.”

ಅವರ ಮೆಕ್ಯಾನಿಕ್ ರುದ್ರಪ್ಪ ಬಾನೆಟ್ ಎತ್ತಿ ಬಹಳ ಹೊತ್ತು ನೋಡಿದ. “ಈ ಮಾಡೆಲ್ ನಾ ಬಿಚ್ಚಿಲ್ಲ ಕಣಕ್ಕ. ನೀವು ಎಲ್ಲಿಂದ ಬಿಚ್ಚಿದ್ರಿ?”

“ಆ ಖಾಕಿ ಕೋಟು ಕೊಡಿಲ್ಲಿ” ಎಂದೆ.

ಸೀರೆಯ ಮೇಲೆ ಅದನ್ನು ತೊಟ್ಟು, ನಾನೇ ತುಂಬಿದ್ದ ಹೊಸ ಆಯಿಲನ್ನು ಇಳಿಸಿ, ಇನ್ನೂ ಹೊಸದನ್ನು ತುಂಬಿದೆ. ಡೀಲರು ಕೋಟನ್ನಷ್ಟೇ ನೋಡಿ ಸೀಲು ಒತ್ತಿದರು. ವಾರಂಟಿ ಉಳಿಯಿತು.

ಸೀಲಿನ ಕೆಳಗೆ ಗಿರಾಕಿಯ ಅಭಿಪ್ರಾಯಕ್ಕೆ ಜಾಗವಿತ್ತು. “ರುದ್ರಪ್ಪನ ಕೆಲಸ ಬಲು ಅಚ್ಚುಕಟ್ಟು” ಎಂದು ಬರೆದೆ. ಹೆಸರೊಂದು ಬಿಟ್ಟರೆ ಅದರಲ್ಲಿ ಸುಳ್ಳೇನೂ ಇಲ್ಲ.