ನೀಲಿ ಬಣ್ಣ ಸಿಗದ ಬಸ್ಸು

ಮಾಲೂರಿನಲ್ಲಿ, ಮುಚ್ಚಿಹೋದ ಹೆಂಚಿನ ಕಾರ್ಖಾನೆಯೊಂದರ ಶೆಡ್ಡಿನಲ್ಲಿ ಹಳೆಯ ಬಸ್ಸುಗಳ ಸಂಗ್ರಹಾಲಯವಿದೆ. ಕೆಲಸದಿಂದ ನಿವೃತ್ತಿಯಾದ ಮೇಲೆ ನಾನು ಭಾನುವಾರಗಳಂದು ಕೋಲಾರದಿಂದ ಅಲ್ಲಿಗೆ ಹೋಗಿ ಸೀಟುಗಳಿಗೆ ರೆಕ್ಸಿನ್ ಹೊಲಿದುಕೊಡುತ್ತೇನೆ. ಸಂಬಳವಿಲ್ಲ, ಮಧ್ಯಾಹ್ನಕ್ಕೆ ಚಿತ್ರಾನ್ನ ಇರುತ್ತದೆ. ತಗಡಿನ ಕೆಲಸವೆಲ್ಲ ಮುಳಬಾಗಿಲಿನ ಒಬ್ಬ ಸಾಹೇಬರದು. ಲಾರಿ ಬಾಡಿ ಕಟ್ಟುವ ಅಂಗಡಿಯನ್ನು ಮಕ್ಕಳಿಗೆ ಬಿಟ್ಟು ಅವರೂ ನನ್ನ ಹಾಗೆಯೇ ಬಂದು ಸೇರಿಕೊಂಡವರು.

ಹೋದ ವರ್ಷ ಯಾರದೋ ಮಾವಿನ ತೋಟದಿಂದ ಒಂದು ಬಸ್ಸನ್ನು ಎಳೆದು ತಂದರು. ಅದರ ಪಕ್ಕದ ತಗಡಿನ ಮೇಲೆ ದೇವರಾಯಸಮುದ್ರ ಎಂಬ ಅಕ್ಷರಗಳು ಮಸುಕಾಗಿ ಉಳಿದಿದ್ದವು. ಅದು ನಮ್ಮೂರು. ಮುಳಬಾಗಿಲಿನ ಹೈಸ್ಕೂಲಿಗೆ ನಾನು ಹೋಗುತ್ತಿದ್ದುದು ಈ ಬಸ್ಸಿನಲ್ಲೇ. ಜನ ತುಂಬಿದ ದಿನ ಡ್ರೈವರ್ ಪಕ್ಕದ ಬಾನೆಟ್ ಮೇಲೆ ಕೂತು ಕಾಲು ಸುಟ್ಟುಕೊಂಡದ್ದು ಈಗಲೂ ನೆನಪಿದೆ.

“ಇದು ನೀಲಿ ಬಸ್ಸು. ನೀಲೀನೇ ಹೊಡೀಬೇಕು,” ಎಂದು ಎಲ್ಲರಿಗೂ ಹೇಳಿದೆ.

ಸಾಹೇಬರು ಮೊದಲಿದ್ದ ಬಣ್ಣ ನೋಡಲೆಂದು ಉಪ್ಪುಕಾಗದ ಹಿಡಿದು ಉಜ್ಜತೊಡಗಿದರು. ಹಸಿರು ಬಂತು. ಅದರಡಿ ಕೆಂಪು. ಕೆಂಪಿನಡಿ ತಗಡು.

“ನೀಲಿ ಎಲ್ಲೂ ಇಲ್ವಲ್ಲಮ್ಮ,” ಎಂದರು.

“ಇನ್ನೊಂದು ಕಡೆ ನೋಡಿ ಸಾಹೇಬ್ರೇ.”

ಪಾಪ, ಹಿಂದೆ, ಮುಂದೆ, ಬಾಗಿಲ ಹತ್ತಿರ, ಎಲ್ಲ ಕಡೆ ಉಜ್ಜಿದರು. ನೀಲಿ ಸಿಗಲಿಲ್ಲ. ಕಣ್ಣು ಮುಚ್ಚಿದರೆ ಮಾತ್ರ ನನಗೆ ಕೆರೆ ಏರಿಯ ಮೇಲೆ ನೀಲಿ ಬಸ್ಸೇ ಬರುತ್ತಿತ್ತು.

ಕೊನೆಗೆ ನನ್ನ ಅಕ್ಕನನ್ನು ಕರೆಸಿದೆ. ಅವಳನ್ನು ಆಂಧ್ರದ ಗಡಿಯ ರಾಯಲ್ಪಾಡಿಗೆ ಮದುವೆ ಮಾಡಿ ಕೊಟ್ಟಿದ್ದರು. ಮಾತಿನ ನಡುವೆ ತೆಲುಗು ನುಸುಳುತ್ತದೆ. ಬಸ್ಸು ನೋಡುತ್ತಲೇ ಅವಳು, “ಅಯ್ಯೋ, ಇದೇ ಕಣೇ! ನಮ್ಮ ಕೆಂಪು ಬಸ್ಸು!” ಎಂದಳು.

“ನೀಲಿ ಅಲ್ವಾ?”

“ಏಮೇ, ನೀಲಿ ಅಂತ ಯಾರು ಹೇಳಿದ್ದು? ನೀನು ಯಾವಾಗ ಇದ್ರಲ್ಲಿ ಓಡಾಡ್ದೆ? ನೀನು ಹೈಸ್ಕೂಲು ಓದಿದ್ದು ಮುಳಬಾಗಿಲಲ್ಲಿ ಚಿಕ್ಕಮ್ಮನ ಮನೇಲಿದ್ಕೊಂಡು.”

ಚಿಕ್ಕಮ್ಮನ ಮನೆ ನನಗೆ ನೆನಪಿದೆ. ಪರೀಕ್ಷೆಯ ಸಮಯಕ್ಕೆ ಮಾತ್ರ ಅಲ್ಲಿದ್ದೆ ಅಂದುಕೊಂಡಿದ್ದೆ.

“ಬಾನೆಟ್ ಮೇಲೆ ಕಾಲು ಸುಟ್ಕೊಂಡಿದ್ದು?”

“ಅದು ನಾನು! ಮನೆಗೆ ಬಂದು ಹೇಳ್ತಿದ್ರೆ ನೀನು ಬಾಯಿ ಬಿಟ್ಕೊಂಡು ಕೇಳ್ತಿದ್ದೆ.”

ಕಾಲಿಗೆ ತಾಗಿದ ಆ ಬಿಸಿ ನನ್ನದಲ್ಲವೆಂದರೆ ನಂಬುವುದು ಹೇಗೆ? ಅಕ್ಕ ಸುಳ್ಳು ಹೇಳುವವಳೂ ಅಲ್ಲ. ಅವಳು ಬಸ್ಸನ್ನು ಸುತ್ತು ಹಾಕಿ ಬಂದು, “ಮುಂದಿನ ಬಾಗಿಲು ಯಾಕೆ ಮುಚ್ಚಿಬಿಟ್ರಿ?” ಎಂದು ಸಾಹೇಬರನ್ನು ಕೇಳಿದಳು.

“ಮುಂದೆ ಬಾಗಿಲು ಇರ್ಲೇ ಇಲ್ಲಮ್ಮ. ನೋಡಿ, ಒಂದೇ ತಗಡು.”

“ನಾವು ಮುಂದೇನೇ ಹತ್ತುತಾ ಇದ್ವಲ್ಲ!”

ಅಕ್ಕ ತಗಡಿನ ಮೇಲೆ ಅಂಗೈ ಆಡಿಸಿ ನೋಡಿದಳು. ಆಮೇಲೆ ನಾವಿಬ್ಬರೂ ಹಿಂದಿನಿಂದ ಹತ್ತಿ, ರೆಕ್ಸಿನ್ ಇಲ್ಲದ ಸೀಟಿನ ಮೇಲೆ ಕೂತೆವು. ಸಾಹೇಬರು ಟೀ ತಂದುಕೊಟ್ಟು, “ನಿಮ್ಮೂರಿಗೆ ಎರಡು ಬಸ್ಸು ಇದ್ವೋ ಏನೋ,” ಎಂದರು. ಇದ್ದರೂ ಇರಬಹುದು. ಕೇಳೋಣವೆಂದರೆ ಚಿಕ್ಕಮ್ಮನೂ ಈಗಿಲ್ಲ.

ತಗಡು ಹೇಳಿದ್ದನ್ನು ನಂಬಿ ಬಸ್ಸಿಗೆ ಕೆಂಪನ್ನೇ ಹೊಡೆದೆವು. ಅಕ್ಕ ಈಗ ತಿಂಗಳಿಗೊಮ್ಮೆಯಾದರೂ ಬಂದು ನನ್ನ ಜೊತೆ ಸೀಟು ಹೊಲಿಯುತ್ತಾಳೆ. ನೋಡಲು ಬಂದವರು, “ನೀವೂ ಇದ್ರಲ್ಲಿ ಓಡಾಡಿದ್ದೀರಾ?” ಎಂದು ಕೇಳಿದರೆ ಅವಳ ಮುಖ ನೋಡುತ್ತೇನೆ. ಅವಳೂ ಈಗೀಗ ತಕ್ಷಣ ಉತ್ತರ ಕೊಡುವುದಿಲ್ಲ. “ನಮ್ಮನೇಲಿ ಯಾರೋ ಓಡಾಡ್ತಿದ್ರು,” ಎಂದು ಹೇಳಿ ನಾನು ಸೂಜಿಗೆ ದಾರ ಪೋಣಿಸುತ್ತೇನೆ.