ಸಿಂಬಿಯ ಮೇಲೆ ದೋಣಿ

ಲೈಫ್ ಜಾಕೆಟ್ಟನ್ನು ಒಗೆಯಲು ಹೊರಟವರನ್ನು ನಾನು ಕಂಡಿದ್ದು ಒಬ್ಬರನ್ನೇ, ನಮ್ಮಮ್ಮನನ್ನು. ಮೂರು ತಿಂಗಳಿಗೆಂದು ವಿದೇಶಕ್ಕೆ, ಲೂಕನ್ನಿನ ನಮ್ಮ ಮನೆಗೆ ಬಂದಿದ್ದ ಅಮ್ಮ ಸೋಮವಾರ ಬೆಂಗಳೂರಿಗೆ ಹೊರಡುವವಳಿದ್ದಳು. ಹೋಗುವ ಮೊದಲು ಒಮ್ಮೆ ನಮ್ಮ ಕನೂ ದೋಣಿಯಲ್ಲಿ ಕೂರಬೇಕೆಂಬುದು ಅವಳ ಒಂದೇ ಹಟ. ಪ್ರತಿ ಸಲವೂ ನನ್ನ ಆಫೀಸಿನ ಕೆಲಸ ಅಡ್ಡ ಬಂದು, ಕೊನೆಗೆ ಉಳಿದದ್ದು ಆ ಭಾನುವಾರವೊಂದೇ.

ಗೆಳತಿಯಿಂದ ಮೂರು ಜಾಕೆಟ್ ತಂದಿದ್ದೆ, ನೀರಿಗೆ ಬಿದ್ದರೆ ತಾವಾಗಿ ಉಬ್ಬುವಂಥವು. "ಯಾರ್ಯಾರ ಬೆವರೋ ಏನೋ, ಹಾಗೇ ಹಾಕ್ಕೊಳ್ಳೋದಾ?" ಎಂದು ಶನಿವಾರ ಸಂಜೆ ಅಮ್ಮ ತನ್ನ ಪಾಲಿನದನ್ನು ಸೋಪುನೀರಿನ ಬಕೆಟ್ಟಿಗೆ ಅದ್ದಿದಳು. ಢಬ್! ಜಾಕೆಟ್ ಬುಸ್ಸೆಂದು ಉಬ್ಬಿ ಮೇಲೆದ್ದು ಬಂತು. ಅಮ್ಮ ಕಿರುಚಿಕೊಂಡು ಹಾಲಿಗೆ ಓಡಿ ಬಂದಳು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಕ್ಕು ಮುಗಿದ ಮೇಲೆ ಹೊಳೆಯಿತು, ಅದನ್ನು ಉಬ್ಬಿಸುವ ಒಂದೇ ಸಲದ ಗ್ಯಾಸ್ ಖಾಲಿ. ಜಾಕೆಟ್ ಇಲ್ಲದವರನ್ನು ನೀರಿಗೆ ಇಳಿಸುವಂತಿಲ್ಲ.

"ಅತ್ತೆ, ನನ್ದು ಹಾಕ್ಕೊಳ್ಳಿ, ನಾನು ದಡದಲ್ಲಿರ್ತೀನಿ," ಎಂದ ನನ್ನ ಗಂಡ.

"ಅಳಿಯಂದಿರದ್ದು ಕಿತ್ಕೊಳ್ಳೋದಾ? ನಾನೇ ದಡದಲ್ಲಿ ಕೂತು ನೋಡ್ತೀನಿ, ಬಿಡಿ."

ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

ಭಾನುವಾರ ಕಾಲುವೆಗೆ ಹೋದೆವು. ನೀರು ತಡೆಯುವ ಗೇಟಿನಿಂದ ಆಚೆಗೆ ದೋಣಿ ಇಳಿಸಬೇಕು, ಕಾರು ನಿಲ್ಲುವುದು ಈಚೆಗೆ. ನಾನೂ ಗಂಡನೂ ದೋಣಿಯನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತರೆ ಹತ್ತು ಹೆಜ್ಜೆಗೇ ನನ್ನ ಕುತ್ತಿಗೆ ಹಿಡಿಯಿತು. "ಹಾಗಲ್ಲ ಕಣೇ!" ಎಂದ ಅಮ್ಮ ಶಾಲು ಸುತ್ತಿ, ನೀರಿನ ಕೊಡಕ್ಕೆ ಮಾಡುವ ಹಾಗೆ ಸಿಂಬಿ ಮಾಡಿ ತಲೆಗಿಟ್ಟು, ನನ್ನನ್ನು ಪಕ್ಕಕ್ಕೆ ತಳ್ಳಿ ದೋಣಿಯ ಮುಂದಿನ ತುದಿಗೆ ತಲೆ ಕೊಟ್ಟಳು. ಸೊಂಟದ ಮೇಲೆ ಕೈಯಿಟ್ಟು ಅವಳು ಮುಂದೆ, ದೋಣಿಯೊಳಗೆ ಮುಖ ಮುಚ್ಚಿಹೋದ ಅಳಿಯ ಹಿಂದೆ! ನಾಯಿ ಹಿಡಿದು ಬರುತ್ತಿದ್ದ ಮುದುಕನೊಬ್ಬ ಟೋಪಿ ತೆಗೆದು "ಗ್ರ್ಯಾಂಡ್ ಜಾಬ್!" ಎಂದ. ನಾನು ನಕ್ಕೂ ನಕ್ಕೂ ಹುಲ್ಲಿನ ಮೇಲೆ ಕೂತೇಬಿಟ್ಟೆ.

ಆಚೆ ತಲುಪಿದ್ದೇ ತಡ, ದಿನಾ ಬೆಳಿಗ್ಗೆ ಮೈಲಿಗಟ್ಟಲೆ ಓಡುವ ನನ್ನ ಗಂಡ ಏದುಸಿರು ಬಿಡುತ್ತಾ ಅಂಗಾತ ಬಿದ್ದ. "ನನ್ ಕೈಲಾಗಲ್ಲ ಅತ್ತೆ. ನೀವೇ ಹೋಗ್ಬನ್ನಿ." ಜಾಕೆಟ್ ಬಿಚ್ಚಿ ಚಾಚಿದ. ಅದು ನಾಟಕವೆಂದು ಅಮ್ಮನಿಗೆ ತಿಳಿಯಿತು. ಆದರೂ ಈ ಸಲ ಸುಮ್ಮನೆ ತೊಟ್ಟುಕೊಂಡಳು, ನಾನು ಬಕಲ್ ಬಿಗಿದೆ.

ದೋಣಿಯಲ್ಲಿ ಅವಳು ನನ್ನ ಕಡೆಗೆ ತಿರುಗಿ ಕೂತಳು. ನಾನು ಹುಟ್ಟು ಹಾಕಿದೆ. ದೋಣಿ ವಾಲಿದಾಗಲೆಲ್ಲ ಇಬ್ಬರೂ ಕೂಗಿ ನಕ್ಕೆವು.

"ಆ ಕಡೆ ತಿರುಗಿ ನೀರು ನೋಡಮ್ಮ," ಎಂದೆ.

"ನೀರೇನು ನೋಡೋದು? ನಿನ್ನ ಎರಡೂ ಕೈ ಹುಟ್ಟಿನ ಮೇಲೈತೆ, ಫೋನಿಲ್ಲ. ಮೂರು ತಿಂಗ್ಳಲ್ಲಿ ಇವತ್ತೇ ನಿನ್ನ ಮುಖ ಸರಿಯಾಗಿ ಕಾಣ್ತಿರೋದು."

ನನಗೆ ನಾಚಿಕೆಯಾಯಿತು. ದಡದಿಂದ ಗಂಡ ಸಾಕು ಬನ್ನಿ ಎಂದು ಕೂಗಿದರೂ ನಾನು ದೋಣಿ ತಿರುಗಿಸಲಿಲ್ಲ.